ಮೂವತ್ತೊಂದನೇ ನಂಬರಿನ ಜಾಕೀಟು

ಮುದುಡಿದ ಬಟ್ಟೆ ಕಂಡರೆ ದೊಡ್ಡಕ್ಕನ ಕೈಗೆ ಸುಮ್ಮನಿರಲು ಬರುವುದಿಲ್ಲ. ಯಾರ ಮನೆಗೆ ಹೋಗಲಿ, ಮಂಚದ ಮೇಲಿನ ಹೊದಿಕೆ ಎತ್ತಿ, ಎರಡು ಸಲ ಒದರಿ, ಅಂಚಿಗೆ ಅಂಚು ಕೂಡಿಸಿ, ಕುಶಲ ವಿಚಾರಿಸಿ ಮುಗಿಯುವುದರೊಳಗೆ ಮಡಿಸಿ ಇಟ್ಟಿರುತ್ತಾಳೆ. ತನ್ನ ಮನೆ ಅಷ್ಟು ಕೊಳಕಾಗಿ ಕಂಡಿತೇ ಎಂದು ಆ ಮನೆಯಾಕೆಯ ಮುಖ ಸಣ್ಣದಾಗುತ್ತದೆ. ಪಾಪ, ದೊಡ್ಡಕ್ಕನ ತಲೆಗೆ ಅದೆಲ್ಲ ಹೋಗುವುದೇ ಇಲ್ಲ. ಮೂರು ಆಸ್ಪತ್ರೆ, ಐದಾರು ಹೋಟೆಲುಗಳ ಹಾಸು ಹೊದಿಕೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿಯೊಂದರಲ್ಲಿ, ಮಡಿಸುವ ಮೇಜಿನ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದವಳು ಅವಳು.

ಲಾಂಡ್ರಿಯಲ್ಲಿ ಎಲ್ಲರಿಗೂ ದೊಡ್ಡಕ್ಕ. ಮನೆಯಲ್ಲಿ ಅತ್ತೆಯ ಬಾಯಲ್ಲಿ ‘ದೊಡ್ಡವಳು’. ದೊಡ್ಡವಳು ಅಂದಮೇಲೆ ಚಿಕ್ಕವಳೊಬ್ಬಳು ಇರಲೇಬೇಕಲ್ಲ. ಇದ್ದಳು. ಮೈದುನನ ಹೆಂಡತಿ, ಇವಳ ವಾರಗಿತ್ತಿ.

ಮೊದಲ ವರ್ಷಗಳಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಎರಡು ಕೋಣೆಯ ಮನೆ, ಒಂದೇ ಒಲೆ, ಒಂದೇ ಕನ್ನಡಿ. ಕನ್ನಡಿಯ ಮುಂದಿಟ್ಟ ಬಾಚಣಿಗೆಯಲ್ಲಿ ಕೂದಲು ಉಳಿದಿದ್ದರೆ ಸಾಕು, ಅದು ಯಾರದ್ದೆಂದು ಬೆಳಕಿಗೆ ಹಿಡಿದು ನೋಡುವಷ್ಟು ಜಗಳ. ಅತ್ತೆಯಂತೂ ಇವಳ ಮೇಲೆ ಅವಳನ್ನು, ಅವಳ ಮೇಲೆ ಇವಳನ್ನು ಎತ್ತಿಕಟ್ಟಿ, ಕಿಟಕಿಯ ಹತ್ತಿರ ಕೂತು ತಮಾಷೆ ನೋಡುತ್ತಿದ್ದಳು. ಚಿಕ್ಕವಳಿಗೆ ಜೋರಾಗಿ ನಗುವ ಅಭ್ಯಾಸ. ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. “ನಗೋದಕ್ಕೂ ಒಂದು ಅಳತೆ ಬೇಡ್ವಾ?” ಎಂದು ದೊಡ್ಡವಳು ಪಾತ್ರೆ ಕುಕ್ಕುತ್ತಿದ್ದಳು. ಅದಕ್ಕೂ ಅವಳು ನಗುತ್ತಿದ್ದಳು.

ಎಲ್ಲ ಬದಲಾದದ್ದು ದೊಡ್ಡಕ್ಕನ ಗಂಡ ಕಾಯಿಲೆ ಬಿದ್ದು ತೀರಿಹೋದಾಗ. ಅವಳಿಗೆ ಮಕ್ಕಳಿರಲಿಲ್ಲ. ನೆಂಟರೆಲ್ಲ ಎದ್ದುಹೋದ ಸಂಜೆ, ಗೋಡೆಗೊರಗಿ ಕೂತವಳ ಮಡಿಲಿಗೆ ಚಿಕ್ಕವಳು ತನ್ನ ಹಾಲುಗೂಸನ್ನು ತಂದು ಹಾಕಿದಳು. “ಅಕ್ಕ, ಇವಳನ್ನ ಸ್ವಲ್ಪ ಹಿಡ್ಕೋ. ಒಲೆ ಮೇಲೆ ನೀರಿಟ್ಟು ಬಂದಿದೀನಿ” ಎಂದಳು. ಹಾಗೆ ಹೋದವಳು ಮಗುವನ್ನು ಮತ್ತೆ ಕೇಳಲು ಬಂದದ್ದು ಬೆಳಿಗ್ಗೆಯೇ. ರಾತ್ರಿಯೆಲ್ಲ ಮಗು ಎದೆಯ ಮೇಲೆ ಮಲಗಿತ್ತು. ಒಲೆಯ ಮೇಲೆ ನೀರೂ ಇರಲಿಲ್ಲ, ಎಂಥದೂ ಇರಲಿಲ್ಲ ಎಂಬುದು ದೊಡ್ಡಕ್ಕನಿಗೆ ಗೊತ್ತಿತ್ತು. ಅವತ್ತಿನಿಂದ ಆ ಮನೆಯಲ್ಲಿ ಬಾಚಣಿಗೆಯ ಜಗಳ ನಿಂತಿತು. ಹುಡುಗಿ ‘ಅಮ್ಮ’ ಎನ್ನುವುದಕ್ಕೂ ಮೊದಲು ‘ದೊಡ್ಡಮ್ಮ’ ಎಂದು ಕಲಿತಳು.

ಮೈದುನ ಲಾರಿ ಓಡಿಸುವವನು. ಮನೆಯಲ್ಲಿದ್ದ ದಿನಗಳಿಗಿಂತ ರಸ್ತೆಯ ಮೇಲಿದ್ದ ದಿನಗಳೇ ಹೆಚ್ಚು. ಹುಡುಗಿ ಶಾಲೆಗೆ ಹೋಗುವಂತಾದ ಮೇಲೆ ದೊಡ್ಡಕ್ಕ ವಾರಗಿತ್ತಿಯನ್ನೂ ಲಾಂಡ್ರಿಗೆ ಸೇರಿಸಿದಳು. ಅಲ್ಲಿ ಚಿಕ್ಕವಳಿಗೆ ಸಿಕ್ಕಿದ್ದು ಬಿಸಿ ಉರುಳೆಯ ಕೆಲಸ. ಒದ್ದೆ ಹಾಸನ್ನು ಇಬ್ಬರು ಎರಡು ತುದಿ ಹಿಡಿದು ಉರುಳೆಯ ಬಾಯಿಗೆ ಕೊಡಬೇಕು. ಆಚೆ ಕಡೆಯಿಂದ ಅದು ಒಣಗಿ, ಇಸ್ತ್ರಿಯಾಗಿ ಬರುತ್ತದೆ. ಆ ಜಾಗದಲ್ಲಿ ಬೇಸಿಗೆ ಚಳಿಗಾಲ ಎಂಬ ವ್ಯತ್ಯಾಸವಿಲ್ಲ. ಸದಾ ಆವಿ, ಸದಾ ಬೆವರು. ಸ್ವಂತ ಕೈಯಿಂದ ಗಳಿಸುವುದು ಚಿಕ್ಕವಳಿಗೆ ಎಷ್ಟು ಹಿಡಿಸಿತೆಂದರೆ, ಆ ಕೆಂಡದಂಥ ಜಾಗವನ್ನು ಅವಳು ‘ನನ್ನ ಜಾಗ’ ಎಂದು ಕರೆಯುತ್ತಿದ್ದಳು.

ಒಂದು ಬೇಸಿಗೆ, ಬಾಯ್ಲರಿನ ಹತ್ತಿರ ಒಬ್ಬ ಕುಸಿದು ಬಿದ್ದ. ಆಮೇಲೆ ಕಂಪನಿಗೆ ಕೆಲಸಗಾರರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿ, ಎಲ್ಲರಿಗೂ ಜಾಕೀಟು ಬಂದವು. ಬೂದುಬಣ್ಣದ, ತೋಳಿಲ್ಲದ ಜಾಕೀಟು. ಒಳಮೈಯಲ್ಲಿ ಬೆಳ್ಳಿಯಂಥ ಸಣ್ಣ ಎಳೆಗಳ ಬಲೆ. ಅದು ಬರಿಮೈಗೆ ತಾಗಿಕೊಂಡಿರಬೇಕು. ಅದಕ್ಕಾಗಿ ಪಕ್ಕದಲ್ಲಿ ಸಾಲಾಗಿ ಕೊಕ್ಕೆಗಳು. ಎದೆಯ ಬಡಿತ, ಮೈಯ ಬಿಸಿ, ಉಸಿರು ಎಲ್ಲವನ್ನೂ ಆ ಎಳೆಗಳೇ ಅಳೆದು ಆಫೀಸಿನ ಗೋಡೆಯ ಪರದೆಗೆ ಕಳಿಸುತ್ತವಂತೆ. ಭುಜದ ಮೇಲೆ ಗುಂಡಿಯಷ್ಟು ದೊಡ್ಡ ದೀಪ. ಸರಿಯಿದ್ದರೆ ಹಸಿರು. ಎದೆ ಏರುಪೇರಾದರೆ ಹಳದಿ. ಕೆಂಪು ಬಂತೆಂದರೆ ನೆರವಿನವರು ಸ್ಟ್ರೆಚರ್ ಹಿಡಿದು ಓಡಿಬರುತ್ತಾರೆ. ಯಾರ ನಂಬರಿಗೆ ಕೆಂಪು ಬಂತೋ ಅವರು ಕೆಲಸ ಮಾಡುವ ಜಾಗವೂ ಪರದೆಯ ಮೇಲೇ ಬರುತ್ತದೆ. ನಂಬರನ್ನು ಕಾಲರಿನ ಒಳಗೆ ನೂಲಿನಲ್ಲಿ ಹೊಲಿದಿದ್ದರು. ದೊಡ್ಡಕ್ಕನದು ಹದಿನಾಲ್ಕು, ಮಡಿಸುವ ಮೇಜು. ಚಿಕ್ಕವಳದು ಮೂವತ್ತೊಂದು, ಬಿಸಿ ಉರುಳೆ.

“ಗಂಡನಿಗೂ ಕಾಣದ್ದೆಲ್ಲ ಕಂಪನಿಗೆ ಕಾಣುತ್ತಲ್ರೇ!” ಎಂದು ಚಿಕ್ಕವಳು ನಕ್ಕಳು. ಬಟ್ಟೆ ಬದಲಿಸುವ ಕೋಣೆಯೆಲ್ಲ ನಕ್ಕಿತು.

ನಗು ಬಹಳ ದಿನ ಉಳಿಯಲಿಲ್ಲ. ಒಂದು ತಿಂಗಳಲ್ಲಿ ಮೂರು ಸಲ ಹಳದಿ ಬಂದವರಿಗೆ ‘ವಿಶ್ರಾಂತಿ’ ಕೊಡಲಾಗುವುದು ಎಂದು ಬೋರ್ಡು ಬಿತ್ತು. ವಿಶ್ರಾಂತಿ! ಏನು ಚೆಂದದ ಮಾತು! ವಿಶ್ರಾಂತಿಗೆ ಹೋದ ಒಬ್ಬಳಾದರೂ ತಿರುಗಿ ಬಂದದ್ದನ್ನು ಯಾರೂ ಕಾಣಲಿಲ್ಲ. ಗೋಡೆಯ ಮೇಲಿನ ಅವರ ಗೂಟದಲ್ಲಿ ಬೇರೆಯವರ ಚೀಲ ನೇತಾಡುತ್ತಿತ್ತು.

ಕಂಪನಿ ಇನ್ನೊಂದು ಉಪಕಾರ ಮಾಡಿತ್ತು. ಮನೆಯವರಿಗೂ ನೆಮ್ಮದಿ ಇರಲಿ ಎಂದು, ಅವರ ಮೊಬೈಲಿನಲ್ಲೂ ಈ ಬಡಿತ ಕಾಣುವಂತೆ ಮಾಡಿಕೊಟ್ಟಿತ್ತು. ಹುಡುಗಿ ಅದನ್ನು ಅಜ್ಜಿಯ ಮೊಬೈಲಿಗೆ ಹಾಕಿಕೊಟ್ಟಳು. ಮುದುಕಿಗೆ ಆಗಲೇ ಹಾಸಿಗೆಯೇ ಗತಿಯಾಗಿತ್ತು. ಕಾಲು ಹೋಗಿದ್ದವು, ಕಣ್ಣು ಅರ್ಧ ಹೋಗಿತ್ತು, ಸೊಸೆಯರ ಮೇಲೆ ಕಣ್ಣಿಡುವ ಚಪಲ ಮಾತ್ರ ಕೂದಲಷ್ಟೂ ಹೋಗಿರಲಿಲ್ಲ. ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಪುಟ್ಟ ಹೃದಯಗಳು ಹಸಿರಾಗಿ ಮಿಡಿಯುತ್ತಿದ್ದವು. ಮುದುಕಿ ಮೊಬೈಲನ್ನು ದಿಂಬಿಗೊರಗಿಸಿಕೊಂಡು ಅದನ್ನೇ ನೋಡುತ್ತಾ ಮಲಗಿರುತ್ತಿದ್ದಳು. ಸಂಜೆ ಸೊಸೆಯರು ಚಪ್ಪಲಿ ಬಿಡುವುದರೊಳಗೆ ವಿಚಾರಣೆ ಶುರು. “ಹನ್ನೊಂದು ಗಂಟೆಗೆ ಇಬ್ಬರದ್ದೂ ನಿಧಾನ ಆಗಿತ್ತಲ್ಲ, ಹರಟೆ ಹೊಡೀತಾ ಕೂತಿದ್ರಾ?”

ಕೆಲಸ ಮುಗಿದ ಮೇಲೆ ಜಾಕೀಟುಗಳನ್ನು ಲಾಂಡ್ರಿಯಲ್ಲೇ ಚಾರ್ಜಿಗೆ ನೇತುಹಾಕಿ ಬರಬೇಕು. ಆಗ ಮೊಬೈಲಿನ ಹೃದಯಗಳು ಮಾಸಲಾಗುತ್ತವೆ. “ಮಲಗಿದ್ವು ನೋಡು” ಎನ್ನುತ್ತಿದ್ದಳು ಮುದುಕಿ. ಸೊಸೆಯರು ದಾರಿಯಲ್ಲಿದ್ದಾರೆ ಎಂದು ಅದರ ಅರ್ಥ.

ಚಿಕ್ಕವಳಿಗೆ ಒಂದೇ ವಾರದಲ್ಲಿ ಎರಡು ಸಲ ಹಳದಿ ಬಂತು. ಎರಡನೇ ಸಲ ಅವಳು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು, ಎದೆಯ ಮೇಲೆ ಅಂಗೈ ಒತ್ತಿಕೊಂಡಿದ್ದಳು. ಮುಖ ಒಗೆದ ಬಟ್ಟೆಯಷ್ಟು ಬೆಳ್ಳಗಾಗಿತ್ತು.

“ಏನಾಗುತ್ತೆ? ನೋಯುತ್ತಾ?” ಎಂದು ದೊಡ್ಡಕ್ಕ ಪಕ್ಕದಲ್ಲಿ ಕೂತಳು.

“ನೋವಲ್ಲ ಅಕ್ಕ. ಯಾರೋ ಒಳಗೆ ಬಾಗಿಲು ಬಡಿದ ಹಾಗೆ. ಆಮೇಲೆ ಸುಮ್ಮನಾಗಿಬಿಡುತ್ತೆ.”

“ನಾಳೆನೇ ಡಾಕ್ಟ್ರ ಹತ್ರ ಹೋಗೋಣ ನಡಿ.”

“ಹೋದ್ರೆ ಏನಂತಾರೆ? ಕೆಲಸ ಬಿಡು ಅಂತಾರೆ. ಇನ್ನೊಂದು ಹಳದಿ ಬಂದ್ರೆ ಕಂಪನಿಯವರೇ ಬಿಡಿಸ್ತಾರೆ. ನಾನು ಆ ಮನೇಲಿ ಅತ್ತೆ ಮುಖ ನೋಡ್ಕೊಂಡು ಕೂತಿರ್ಲಾ? ಎದೆ ಒಡೆದು ಸಾಯೋ ಬದಲು ಬೇಜಾರಾಗಿ ಸಾಯ್ತೀನಿ.” ಹೇಳುತ್ತಾ ನಕ್ಕಳು. ಆ ನಗು ಅರ್ಧಕ್ಕೇ ನಿಂತು ಅಳು ಬಂತು.

ಆಗ ದೊಡ್ಡಕ್ಕನಿಗೆ ಹೊಳೆಯಿತು. ಯಾಕಾದರೂ ಹೊಳೆಯಿತೋ!

“ಇಲ್ಲಿ ಕೊಡು ನಿಂದು” ಎಂದು ಅವಳ ಜಾಕೀಟಿಗೆ ಕೈ ಹಾಕಿದಳು. “ನಂದು ನೀನು ಹಾಕ್ಕೋ. ನನ್ನ ನಂಬರಿಗೆ ಇದುವರೆಗೆ ಒಂದು ಹಳದೀನೂ ಇಲ್ಲ. ಬಂದ್ರೆ ಒಂದೆರಡು ಬರಲಿ, ನಂಗೇನು? ತಿಂಗಳ ಕೊನೆ ತನಕ ನಿನ್ನ ನಂಬರು ಹಸಿರಾಗಿರುತ್ತೆ. ಆಮೇಲೆ ಲೆಕ್ಕ ಹೊಸದು. ಅಷ್ಟರಲ್ಲಿ ಡಾಕ್ಟ್ರಿಗೂ ತೋರಿಸ್ಕೊಂಡು ಬರೋಣ.”

“ಸಿಕ್ಕಿಬಿದ್ರೆ ಅಕ್ಕ?”

“ಕಾಲರ್ ಮಗುಚಿ ನೋಡೋರು ಯಾರಿದಾರೆ ಇಲ್ಲಿ?”

ದೊಡ್ಡಕ್ಕನ ಮೈ ದಪ್ಪ, ಚಿಕ್ಕವಳದು ಕಡ್ಡಿ. ಒಬ್ಬಳು ಕೊಕ್ಕೆಗಳನ್ನು ಕೊನೆಯ ಸಾಲಿಗೆ ಸಡಿಲಿಸಿಕೊಂಡಳು, ಇನ್ನೊಬ್ಬಳು ಮೊದಲ ಸಾಲಿಗೆ ಬಿಗಿದುಕೊಂಡಳು. ಕೆಲಸ ಮುಗಿಯಿತು. ಹದಿನಾಲ್ಕು ಬಿಸಿ ಉರುಳೆಗೆ ಹೋಯಿತು, ಮೂವತ್ತೊಂದು ಮಡಿಸುವ ಮೇಜಿಗೆ ಬಂತು.

ಅದಾದ ಮೇಲೆ ಹದಿನಾಲ್ಕಕ್ಕೆ ಒಮ್ಮೆ ಹಳದಿ ಬಂತು. ಸೂಪರ್‌ವೈಸರ್ ವಿಚಾರಿಸಲು ಬಂದ. ಸದಾ ಮಣಿಕಟ್ಟು ನೋಡಿಕೊಳ್ಳುತ್ತಾ ಓಡಾಡುವ ಅವನಿಗೆ ಹೆಂಗಸರು ‘ಗಡಿಯಾರ’ ಎಂದು ಹೆಸರಿಟ್ಟಿದ್ದರು. “ಏನು ದೊಡ್ಡಕ್ಕ, ನಿಮಗೂ ಶುರುವಾಯ್ತಾ?” ಎಂದ. “ನಿಮ್ಮ ಮುಖ ನೋಡಿದೆ, ಗಾಬರಿ ಆಯ್ತು” ಎಂದಳು. ಅವನು ಮಣಿಕಟ್ಟು ನೋಡಿಕೊಳ್ಳುತ್ತಾ ಹೋದ.

ಮನೆಯಲ್ಲಿ ಮಾತ್ರ ಯಾರೂ ನೆನೆಸದ ಒಂದು ಸಂಗತಿ ನಡೆಯಿತು. ಮುದುಕಿ ದೊಡ್ಡವಳ ಹೃದಯ ಹಳದಿಯಾದದ್ದನ್ನು ಕಂಡಿದ್ದಳು. ಆವತ್ತು ಸಂಜೆ ವಿಚಾರಣೆ ಇಲ್ಲ, ಕೊಂಕು ಇಲ್ಲ. “ದೊಡ್ಡವಳೇ, ಬಾ ಇಲ್ಲಿ, ಕೂತ್ಕೋ” ಎಂದು ಹಾಸಿಗೆಯ ಅಂಚು ತಟ್ಟಿದಳು. “ನೀರಿನ ಕೊಡ ನೀನು ಎತ್ತಬೇಡ. ಅವಳು ಎತ್ತಲಿ, ಅವಳದು ಈಗ ಸುಧಾರಿಸಿದೆ. ನಿನಗೆ ವಯಸ್ಸಾಯ್ತು ನೋಡು, ಈ ಮನೆಗೆ ಅಂತ ದುಡಿದು ದುಡಿದೇ ಹಣ್ಣಾದೆ.” ದೊಡ್ಡಕ್ಕ ಆ ಮನೆಗೆ ಬಂದಂದಿನಿಂದ ಇಂಥ ಮಾತು ಅತ್ತೆಯ ಬಾಯಿಂದ ಬಂದಿರಲಿಲ್ಲ. ಒಣಗಿದ ಕೈಯೊಂದು ತನ್ನ ಕೈ ಸವರಿದಾಗ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಚಿಕ್ಕವಳು ಕೊಡ ಎತ್ತುತ್ತಾ ಅವಳತ್ತ ಕಣ್ಣು ಮಿಟುಕಿಸಿದಳು. ದೊಡ್ಡಕ್ಕ ಎದ್ದುಹೋಗಿ ಅವಳ ಕೈಯಿಂದ ಕೊಡ ಕಿತ್ತುಕೊಂಡಳು. ಆದರೂ ಮರುದಿನ ಸಂಜೆ ಅತ್ತೆ ಹಾಸಿಗೆಯ ಅಂಚು ತಟ್ಟಿದಾಗ ಹೋಗಿ ಕೂತಳು.

ತಿಂಗಳು ಮುಗಿಯಿತು. ಡಾಕ್ಟರ ಹತ್ತಿರ ಹೋಗುವುದು ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಒಂದು ಬೆಳಿಗ್ಗೆ ಚಿಕ್ಕವಳು ಕೈ ಚಾಚಿದಳು. “ಅಕ್ಕ, ಲೆಕ್ಕ ಹೊಸದಾಯ್ತಲ್ಲ. ನಂದು ನನಗೆ ಕೊಡು.”

“ಇರಲಿ ಬಿಡೇ. ಮೊದಲು ತೋರಿಸ್ಕೊಂಡು ಬಾ, ಆಮೇಲೆ ಬದಲಾಯಿಸೋಣ” ಎಂದಳು ದೊಡ್ಡಕ್ಕ.

ಅವಳ ಒಳ್ಳೆಯದಕ್ಕೇ ಹೇಳಿದ ಮಾತು, ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಹಾಸಿಗೆಯ ಅಂಚಿನ ಆ ಜಾಗ ಇನ್ನೊಂದು ನಾಲ್ಕು ದಿನ ತನಗಿರಲಿ ಎಂಬ ಆಸೆ ಅದರೊಳಗೆ ಸೇರಿಕೊಂಡಿತ್ತು. ಇಷ್ಟು ಸಣ್ಣ ಆಸೆ. ಯಾರಿಗಿಲ್ಲ ಹೇಳಿ!

ಅದೇ ವಾರ, ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಕೆಲಸಕ್ಕೆ ನಿಂತಿದ್ದರು. ಆಸ್ಪತ್ರೆಯೊಂದರ ಹಾಸುಗಳು ರಾಶಿ ಬಿದ್ದಿದ್ದವು. ದೊಡ್ಡಕ್ಕ ಅಂಚಿಗೆ ಅಂಚು ಕೂಡಿಸುತ್ತಿದ್ದಾಗ ಆಫೀಸಿನ ಗಂಟೆ ಕಿರುಚಿತು. ನೆರವಿನವರಿಬ್ಬರು ಸ್ಟ್ರೆಚರ್ ಹಿಡಿದು, ಟ್ರಾಲಿಗಳನ್ನು ಒದ್ದು ಸರಿಸುತ್ತಾ, ಬಿಸಿ ಉರುಳೆಗಳನ್ನು ದಾಟಿ, ಸ್ಟೋರಿನ ಬಾಗಿಲನ್ನೂ ದಾಟಿ ನೇರವಾಗಿ ಇವಳ ಮೇಜಿಗೇ ಬಂದರು. ಹಿಂದೆಯೇ ಗಡಿಯಾರ.

“ಮಲಗಿ ದೊಡ್ಡಕ್ಕ, ಮಲಗಿ!”

“ಯಾಕ್ರಪ್ಪಾ? ನಂಗೇನು ಧಾಡಿ?” ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟಳು. “ಗುಂಡುಕಲ್ಲಿನ ಹಾಗಿದೀನಿ!”

“ಪರದೆ ಮೇಲೆ ಕೆಂಪು ಬಂದಿದೆ. ಎದೆ ನಿಂತಿದೆ ಅಂತ ತೋರಿಸ್ತಿದೆ” ಎಂದು ಒಬ್ಬ ಏದುಸಿರು ಬಿಟ್ಟ.

“ಎದೆ ನಿಂತೋಳು ಹೀಗೆ ಬಟ್ಟೆ ಮಡಿಸ್ತಾಳೇನೋ? ನಿಮ್ಮ ಜಾಕೀಟಿಗೇ ಹುಚ್ಚು ಹಿಡಿದಿದೆ. ಅದನ್ನೇ ಹೊತ್ಕೊಂಡು ಹೋಗಿ ಮಲಗಿಸಿ!”

ಸುತ್ತಲಿನವರು ನಕ್ಕರು. ಗಡಿಯಾರನೂ ನಕ್ಕ. ನೆರವಿನವನು ಹಣೆಯ ಬೆವರು ಒರೆಸಿಕೊಂಡು, “ದೀಪ ಹಸಿರೇ ಇದೆಯಲ್ಲ ಸಾರ್” ಎಂದು ಅವಳ ಭುಜ ತೋರಿಸಿದ. ಆ ನಗು ಎಷ್ಟು ಹೊತ್ತು ನಡೆಯಿತೆಂದು ಆಮೇಲೆ ಯಾರೂ ಸರಿಯಾಗಿ ಹೇಳಲಿಲ್ಲ. ದೊಡ್ಡಕ್ಕನೂ ಕತ್ತು ಬಗ್ಗಿಸಿ ಭುಜದ ಹಸಿರು ದೀಪ ನೋಡಿಕೊಂಡಳು. ನೋಡಿದವಳ ಕೈಯಿಂದ ಹಾಸು ಜಾರಿತು. ದಿನಾ ಹಾಕಿ ಹಾಕಿ ರೂಢಿಯಾಗಿ, ಮೈಮೇಲಿದ್ದದ್ದು ಯಾರ ಜಾಕೀಟೆಂಬುದೇ ಅವಳಿಗೆ ಮರೆತುಹೋಗಿತ್ತು.

“ಅಯ್ಯೋ, ಅದು ನಾನಲ್ಲ! ಅವಳು! ಅವಳೆಲ್ಲಿ?”

ಬಿಸಿ ಉರುಳೆಯ ಹತ್ತಿರ ಚಿಕ್ಕವಳ ಜೊತೆಗಾತಿ ಒಬ್ಬಳೇ ಹಾಸಿನ ತುದಿ ಹಿಡಿದು ಕಾಯುತ್ತಿದ್ದಳು. “ಸ್ಟೋರಿಗೆ ಹೋದ್ಲು, ಇನ್ನೂ ಬಂದಿಲ್ಲ” ಎಂದಳು. ದೊಡ್ಡಕ್ಕ ಓಡಿದಳು. ಆ ದಪ್ಪ ಮೈ ಹಾಗೆ ಓಡಿದ್ದನ್ನು ಲಾಂಡ್ರಿಯಲ್ಲಿ ಯಾರೂ ಕಂಡಿರಲಿಲ್ಲ. ಸ್ಟೋರಿನಲ್ಲಿ, ನೆರವಿನವರು ಆಗಷ್ಟೇ ದಾಟಿಹೋಗಿದ್ದ ಬಾಗಿಲಿನ ಹಿಂದೆ, ಎರಡು ಟ್ರಾಲಿಗಳ ನಡುವೆ ಚಿಕ್ಕವಳು ಬಿದ್ದಿದ್ದಳು. ಭುಜದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಂದು ಕೈಯಲ್ಲಿ ದಿಂಬಿನ ಚೀಲವೊಂದನ್ನು ಹಿಡಿದೇ ಇದ್ದಳು.

ಆಸ್ಪತ್ರೆಯವರು ಹದಿನಾಲ್ಕನೇ ನಂಬರಿನ ಜಾಕೀಟನ್ನು ಕತ್ತರಿಯಿಂದ ಸೀಳಿ ತೆಗೆದರು. ಮಾಡುವುದನ್ನೆಲ್ಲ ಮಾಡಿದರು. ಹೊರಗೆ ಬಂದ ಡಾಕ್ಟರು, “ಇನ್ನು ಸ್ವಲ್ಪ ಮುಂಚೆ ಕೈಗೆ ಸಿಕ್ಕಿದ್ರೆ ನೋಡಬಹುದಿತ್ತು” ಎಂದರು. ಡಾಕ್ಟರು ಎಲ್ಲರಿಗೂ ಹೇಳುವ ಮಾತೇ ಇರಬಹುದು ಅದು. ದೊಡ್ಡಕ್ಕನಿಗೆ ಕೇಳಿಸಿದ್ದು ಮೇಜಿನ ಸುತ್ತಲಿನ ಆ ನಗು. ಚಿಕ್ಕವಳ ಮೇಲೆ ಹೊದಿಸಿದ್ದ ಬಿಳಿ ಹಾಸಿನ ಮೂಲೆಯಲ್ಲಿ ಅವರ ಲಾಂಡ್ರಿಯ ಮುದ್ರೆ ಇತ್ತು, ನಡುವೆ ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ದೊಡ್ಡಕ್ಕನ ಕೈ ತಾನಾಗಿಯೇ ಹೋಗಿ ಅದರ ಅಂಚು ಸರಿಮಾಡಿತು.

“ಮನೆಗೆ ಫೋನ್ ಮಾಡ್ಲಾ?” ಎಂದು ಗಡಿಯಾರ ಮೆಲ್ಲಗೆ ಕೇಳಿದ.

“ಬೇಡ. ಅವಳ ಗಂಡ ಎಲ್ಲೋ ದಾರೀಲಿದಾನೆ, ಅವನಿಗೆ ತಿಳಿಸಿ. ಮನೇಲಿ ನಾನೇ ಹೇಳ್ತೀನಿ.”

ಬೀದಿಯ ತಿರುವಿನಲ್ಲಿ ಗಡಿಯಾರ ಅವಳನ್ನು ಕಾರಿನಿಂದ ಇಳಿಸಿಹೋದಾಗ ದೀಪ ಹಚ್ಚುವ ಹೊತ್ತು. ಚೀಲ, ಮೊಬೈಲು ಎಲ್ಲ ಲಾಂಡ್ರಿಯಲ್ಲೇ ಉಳಿದಿದ್ದವು. ಮೈಮೇಲೆ ಏನಿದೆ ಎಂಬ ಕಡೆಗೆ ಅವಳ ಗಮನವಿರಲಿಲ್ಲ. ಹೇಗೆ ಹೇಳುವುದು, ಮೊದಲ ಮಾತು ಯಾವುದು ಎಂದು ಯೋಚಿಸುತ್ತಾ ಬಂದವಳಿಗೆ ಮನೆಯ ಮುಂದೆ ನೆರೆಯವರು ನಿಂತಿದ್ದು ಕಂಡಿತು. ಸುದ್ದಿ ಆಗಲೇ ಬಂದಿದೆ, ತಾನು ಹೇಳಬೇಕಾಗಿಲ್ಲ ಎಂದು ಒಂದು ಕ್ಷಣ ಜೀವಕ್ಕೆ ಹಗುರವಾಯಿತು. ಆದರೆ ನೆರೆಯವರು ಅವಳನ್ನು ಕಂಡು ದೆವ್ವ ಕಂಡವರಂತೆ ಬಾಯಿ ತೆರೆದರು. ಒಳಗಿನಿಂದ ಹುಡುಗಿ ಓಡಿಬಂದು ಅವಳ ಕೊರಳಿಗೆ ಜೋತುಬಿದ್ದಳು.

“ದೊಡ್ಡಮ್ಮಾ! ಬದುಕಿದ್ದೀಯಾ! ನಿಂದು ಕೆಂಪಾಗಿ ಆರೇಹೋಯ್ತು, ನಿಂಗೆ ಫೋನ್ ಮಾಡಿದ್ರೆ ಎತ್ತೋರಿಲ್ಲ. ನಮ್ಮ ಜೀವಾನೇ ಹೋಗಿತ್ತು!”

ಒಳಗೆ ಮುದುಕಿ ಎರಡೂ ಕೈ ಚಾಚಿ ಅಳುತ್ತಿದ್ದಳು. “ಬಂದ್ಯಾ ನನ್ನ ತಾಯಿ! ಆ ಹಾಳು ಮೊಬೈಲು ನಿನ್ನ ಸಾಯಿಸಿಬಿಟ್ಟಿತ್ತಲ್ಲೇ!”

ದೊಡ್ಡಕ್ಕ ಹುಡುಗಿಯ ಕೈಗಳನ್ನು ಕೊರಳಿಂದ ಬಿಡಿಸಿಕೊಂಡಳು.

“ಅಮ್ಮಂಗೂ ಫೋನ್ ಮಾಡ್ದೆ, ಅವಳೂ ಎತ್ತಲಿಲ್ಲ” ಎಂದು ಹುಡುಗಿ ಕಣ್ಣೊರೆಸಿಕೊಂಡು ಮೊಬೈಲು ಮುಂದೆ ಹಿಡಿದಳು. “ಆದ್ರೆ ಅವಳದು ಹಸಿರೇ ಇದೆ, ನೋಡು. ಇನ್ನೂ ಕೆಲಸದಲ್ಲೇ ಇದಾಳೆ ಅನ್ಸುತ್ತೆ. ಅಯ್ಯೋ, ಈಗ ಎಷ್ಟು ಜೋರಾಗಿ ಹೊಡ್ಕೋತಿದೆ! ನಿನ್ನ ಸುದ್ದಿ ಕೇಳಿ ಓಡಿ ಬರ್ತಿರಬೇಕು ದೊಡ್ಡಮ್ಮ.”

ಪರದೆಯ ಮೇಲೆ ಒಂದು ಹೃದಯ ಕಪ್ಪಾಗಿತ್ತು. ಪಕ್ಕದ್ದು ಹಸಿರಾಗಿ, ದಡಬಡ ಬಡಿದುಕೊಳ್ಳುತ್ತಿತ್ತು. ದೊಡ್ಡಕ್ಕ ಅದನ್ನು ನೋಡಿದಳು. ಅದು ಹಾಗೇ ಇರಲಿ, ಈ ಹುಡುಗಿ ಇನ್ನೊಂದು ಗಳಿಗೆ ಹೀಗೇ ನೋಡುತ್ತಿರಲಿ ಎಂದು ಅವಳ ಮನಸ್ಸು ಎಳೆಯಿತು. ಆದರೂ ಕೈ ಸೆರಗಿನ ಮರೆಯಲ್ಲಿ ಪಕ್ಕಕ್ಕೆ ಹೋಗಿ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿತು. ಬೆವರಿಗೆ ಅಂಟಿದ ಜಾಕೀಟು ಮೈಯಿಂದ ಕಳಚಿಕೊಂಡಿತು. ಪರದೆಯ ಹೃದಯ ಒಮ್ಮೆ ತಡವರಿಸಿ ನಿಂತಿತು.

“ಏನಾಯ್ತೇ? ನೆಟ್‌ವರ್ಕ್ ಹೋಯ್ತಾ?” ಎಂದಳು ಮುದುಕಿ.

ಹುಡುಗಿ ದೊಡ್ಡಮ್ಮನ ಕೈಯಿಂದ ಜಾಕೀಟು ತೆಗೆದುಕೊಂಡು ಕಾಲರ್ ಮಗುಚಿದಳು. ನೂಲಿನಲ್ಲಿ ಹೊಲಿದ ಮೂವತ್ತೊಂದನ್ನು ಓದಿದಳು. ಕೆನ್ನೆಗೆ ಒತ್ತಿಕೊಂಡಳು.

“ಅಮ್ಮಂದು. ಇನ್ನೂ ಬೆಚ್ಚಗಿದೆಯಲ್ಲ ದೊಡ್ಡಮ್ಮ?”

“ಅದು ನನ್ನ ಮೈ ಬಿಸಿ, ಮಗಳೇ” ಎಂದಳು ದೊಡ್ಡಕ್ಕ.